ವಿಕ್ಟೋರಿಯಾ ಅಂದರೆ ಗೆಲುವು. ಸರಿ, ಯಾರ ಗೆಲುವು?



ಒಬ್ಬ ಹೆಣ್ಣುಮಗಳ ಹೆಸರನ್ನು ನಾನು ಈ ಕುರ್ಚಿಯಲ್ಲಿ ಕೂತು ವಾರಕ್ಕೆ ಹತ್ತಾರು ಸಲ ಹೇಳ್ತೀನಿ. ಎಲ್ಲೋ ಗೋಡೆ ಕುಸಿದರೆ ಹೇಳ್ತೀನಿ. ಸಿಲಿಂಡರ್ ಸಿಡಿದರೆ ಹೇಳ್ತೀನಿ. ‘ಗಾಯಾಳುಗಳನ್ನು ವಿಕ್ಟೋರಿಯಾ ಆಸ್ಪತ್ರೆಗೆ ದಾಖಲಿಸಲಾಗಿದೆ.’ ಕೆಳಗೆ ಸ್ಕ್ರಾಲ್‌ನಲ್ಲೂ ಅದೇ ಸಾಲು ಓಡುತ್ತೆ. ನೀವು ಕೇಳ್ತೀರಿ, ನಾನು ಹೇಳ್ತೀನಿ. ಇಬ್ಬರಿಗೂ ಅದೊಂದು ಹೆಸರು ಅನ್ನೋದು ಮರೆತೇ ಹೋಗಿದೆ.

ಮೊನ್ನೆ ನಮ್ಮ ನ್ಯೂಸ್ ರೂಮಿಗೆ ಹೊಸದಾಗಿ ಸೇರಿದ ಹುಡುಗಿ ಆ ಸ್ಕ್ರಾಲ್ ಟೈಪ್ ಮಾಡ್ತಾ ಮಾಡ್ತಾ ತಲೆ ಎತ್ತಿ ಕೇಳಿದಳು, ‘ಸರ್, ವಿಕ್ಟೋರಿಯಾ ಅಂದ್ರೆ ಏನರ್ಥ?’ ನಾನು, ‘ಇಂಗ್ಲೆಂಡಿನ ರಾಣಿ ಅಲ್ವೇನಮ್ಮ’ ಅಂದೆ. ‘ಅದು ಗೊತ್ತು ಸರ್, ರಾಣಿ ಯಾರು ಅಂತ ಕೇಳಲಿಲ್ಲ, ಹೆಸರಿನ ಅರ್ಥ ಕೇಳಿದೆ’ ಅಂದಳು. ಬುಲೆಟಿನ್‌ಗೆ ನಾಲ್ಕು ನಿಮಿಷ ಇತ್ತು. ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ಬಿಡಲಿಲ್ಲ. ಹುಡುಕ್ತಾ ಹೋದವನು ರೋಮ್‌ನಿಂದ ಹೊರಟು ಲಂಡನ್‌ಗೆ ಹೋಗಿ, ಕೊನೆಗೆ ನಮ್ಮ ಮಡಿಕೇರಿಯ ಅರಮನೆಯ ಬಾಗಿಲಿಗೆ ಬಂದು ನಿಂತೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಅರ್ಥ. ಲ್ಯಾಟಿನ್ ಭಾಷೆಯಲ್ಲಿ ‘ವಿಂಕೆರೆ’ ಅಂದರೆ ಗೆಲ್ಲು. ಬಂದೆ, ನೋಡಿದೆ, ಗೆದ್ದೆ ಅಂತ ಸೀಸರ್ ಹೇಳಿದ್ದು ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅದರ ಕೊನೆಯ ಮಾತು ಇದೇ ಧಾತುವಿನದು. ಗೆದ್ದವನು ವಿಕ್ಟರ್. ಗೆಲುವು ವಿಕ್ಟೋರಿಯಾ. ರೋಮನ್ನರ ಬಾಯಲ್ಲಿ ಆ ಟ ಅಕ್ಷರ ನಮ್ಮ ತ ಥರ, ವಿಕ್ತೋರಿಯಾ. ನಮ್ಮ ಜಯಾ, ವಿಜಯಾ ಇದ್ದಾರಲ್ಲ, ನೇರವಾಗಿ ಅವರ ಅಕ್ಕತಂಗಿ ಈ ಹೆಸರು. ಗಾಂಧಿ ಬಜಾರಿನ ವಿಜಯಮ್ಮನೂ ಬಕಿಂಗ್‌ಹ್ಯಾಮ್ ಅರಮನೆಯ ವಿಕ್ಟೋರಿಯಾಳೂ ಅರ್ಥದಲ್ಲಿ ಒಬ್ಬರೇ.

ಲ್ಯಾಟಿನ್‌ನಲ್ಲಿ ಇಂಥ ಭಾವವಾಚಕ ಪದಗಳು ಬಹಳಷ್ಟು ಸ್ತ್ರೀಲಿಂಗ. ಗೆಲುವು ಅನ್ನೋ ಪದ ಹೆಣ್ಣಾದ ಮೇಲೆ ಅದಕ್ಕೊಬ್ಬ ದೇವತೆಯೂ ಹೆಣ್ಣೇ ಆದಳು. ರೆಕ್ಕೆ ಇರುವ ದೇವತೆ, ಕೈಯಲ್ಲಿ ಹಾರ. ಗ್ರೀಕರು ಅವಳನ್ನೇ ನೈಕಿ ಅಂತಾರೆ. ಹೌದು, ನಿಮ್ಮ ಶೂ ಮೇಲಿರುವ ಹೆಸರೇ. ರೋಮ್‌ನ ಪ್ಯಾಲಟೈನ್ ಗುಡ್ಡದ ಮೇಲೆ ಕ್ರಿಸ್ತಪೂರ್ವ 294ರಲ್ಲೇ ವಿಕ್ಟೋರಿಯಾಗೆ ಗುಡಿ ಕಟ್ಟಿದ್ದರು. ಕ್ರಿಸ್ತಪೂರ್ವ 29ರಲ್ಲಿ ಮುಂದಿನ ಅಗಸ್ಟಸ್ ಚಕ್ರವರ್ತಿ ಅವಳ ಮೂರ್ತಿಯನ್ನು ಸೆನೆಟ್ ಸಭಾಂಗಣದ ಒಳಗೇ ಇಟ್ಟ. ಅಂದರೆ ವಿಧಾನಸಭೆಯ ಒಳಗೆ ದೇವಿಯ ವಿಗ್ರಹ ಇದ್ದ ಹಾಗೆ. ಸದಸ್ಯರು ಧೂಪ ಹಾಕಿ ಕಲಾಪ ಶುರು ಮಾಡ್ತಿದ್ದರು. ನಾಲ್ಕು ಶತಮಾನ ಕಳೆದು ರಾಜ್ಯ ಕ್ರೈಸ್ತರದ್ದಾದ ಮೇಲೆ ಜಗಳ ಹತ್ತಿತು. 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಅವಳ ಪೀಠವನ್ನು ತೆಗೆಸಿದ. ಸಿಮ್ಯಾಕಸ್ ಅನ್ನುವ ಹಿರಿಯ ಅಧಿಕಾರಿ 384ರಲ್ಲಿ ‘ವಾಪಸ್ ಇಡಿ’ ಅಂತ ಮನವಿ ಬರೆದ; ಮಿಲಾನ್‌ನ ಬಿಷಪ್ ಆಂಬ್ರೋಸ್ ‘ಕೂಡದು’ ಅಂತ ಬರೆದರು. ಟಿವಿ ಇದ್ದಿದ್ದರೆ ನಾಲ್ಕು ಕಿಟಕಿ ತೆರೆದು ಒಂದು ವಾರ ಡಿಬೇಟ್ ಮಾಡಬಹುದಾದ ವಿಷಯ!

ಆದರೆ ಈ ಗುಡಿ, ಮೂರ್ತಿ, ಧೂಪ ಎಲ್ಲ ಇದ್ದ ಊರಿನಲ್ಲಿ ಸಾಮಾನ್ಯ ಹೆಣ್ಣುಮಗುವಿಗೆ ಏನು ಹೆಸರಿಡ್ತಿದ್ದರು ಗೊತ್ತಾ? ಇಡ್ತಾನೇ ಇರಲಿಲ್ಲ ಅನ್ನಬೇಕು. ಗಂಡುಮಗುವಿಗೆ ಸ್ವಂತದ ಹೆಸರು, ಮನೆತನದ ಹೆಸರು, ಮೇಲೊಂದು ಅಡ್ಡಹೆಸರು, ಒಟ್ಟು ಮೂರು. ಹೆಣ್ಣಿಗೆ ಅಪ್ಪನ ಮನೆತನದ ಹೆಸರನ್ನೇ ಸ್ತ್ರೀಲಿಂಗ ಮಾಡಿ ಕೊಟ್ಟರೆ ಮುಗೀತು. ಜೂಲಿಯಸ್ ಮನೆತನದ ಹುಡುಗಿ ಜೂಲಿಯಾ. ಕ್ಲಾಡಿಯಸ್ ಮನೆತನದವಳು ಕ್ಲಾಡಿಯಾ. ಇನ್ನೊಬ್ಬಳು ಹುಟ್ಟಿದರೆ? ಅವಳೂ ಜೂಲಿಯಾ. ಜೂಲಿಯಸ್ ಸೀಸರ್‌ಗೆ ಇಬ್ಬರು ಅಕ್ಕತಂಗಿಯರು, ಇಬ್ಬರ ಹೆಸರೂ ಜೂಲಿಯಾ. ಅವನ ಮಗಳೂ ಜೂಲಿಯಾ. ಗೊಂದಲ ಆದರೆ ದೊಡ್ಡವಳು, ಚಿಕ್ಕವಳು, ಮೂರನೆಯವಳು ಅಂತ ಸೇರಿಸ್ತಿದ್ದರು. ನಾನು ಓದಿದ್ದು ಇಂಜಿನಿಯರಿಂಗ್. ನನಗೆ ಅದು ಹೆಸರು ಅನ್ನಿಸಲಿಲ್ಲ, ಸೀರಿಯಲ್ ನಂಬರ್ ಅನ್ನಿಸಿತು.

ಹಾಗಾದರೆ ವಿಕ್ಟೋರಿಯಾ ಅನ್ನುವುದು ತೊಟ್ಟಿಲಿಗೆ ಇಳಿದದ್ದು ಯಾವಾಗ? ಹಳೆಯ ಪದ್ಧತಿ ಸಡಿಲವಾಗ್ತಾ ಬಂದ ರೋಮನ್ ಸಾಮ್ರಾಜ್ಯದ ಕೊನೆಕೊನೆಯ ಶತಮಾನಗಳಲ್ಲಿ. ಮುಖ್ಯವಾಗಿ ಕ್ರೈಸ್ತರು ಈ ಹೆಸರನ್ನು ಎತ್ತಿಕೊಂಡರು. ಅವರಿಗೆ ಗೆಲುವು ಅಂದರೆ ಸಾವಿನ ಮೇಲಿನ ಗೆಲುವು. 304ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್‌ನಲ್ಲಿ ನಡೆದ ಒಂದು ವಿಚಾರಣೆಯ ಕಥೆ ಇದೆ. ನಿಷೇಧ ಇದ್ದರೂ ಪ್ರಾರ್ಥನೆಗೆ ಸೇರಿದರು ಅನ್ನುವ ಆರೋಪದ ಮೇಲೆ ಹಿಡಿದು ತಂದವರಲ್ಲಿ ವಿಕ್ಟೋರಿಯಾ ಅನ್ನುವ ಹುಡುಗಿಯೂ ಇದ್ದಳು. ಅವಳ ಅಣ್ಣ ಹೊಸ ಧರ್ಮದವನಲ್ಲ; ‘ಇವಳ ತಲೆ ಕೆಡಿಸಿದ್ದಾರೆ’ ಅಂತ ವಾದಿಸಿದ. ಅಣ್ಣನ ಜೊತೆ ಹೋದರೆ ಪ್ರಾಣ ಉಳಿಯುತ್ತೆ. ಯಾರೂ ಕೆಡಿಸಿಲ್ಲ, ನಾನಾಗಿ ಹೋದೆ ಅಂದಳಂತೆ ಆಕೆ. ಆಮೇಲೆ ಯುರೋಪಿನಲ್ಲಿ ಈ ಹೆಸರು ಹಲವು ಉಚ್ಚಾರಣೆ ತಾಳಿತು. ಇಟಲಿಯಲ್ಲಿ ವಿತ್ತೋರಿಯಾ, ಪೋರ್ಚುಗಲ್‌ನಲ್ಲಿ ವಿತೋರಿಯಾ, ಫ್ರಾನ್ಸ್‌ನಲ್ಲಿ ವಿಕ್ತ್ವಾರ್. ಮೈಕೆಲೆಂಜೆಲೋನ ಗೆಳತಿಯಾಗಿದ್ದ ಕವಯಿತ್ರಿ ವಿತ್ತೋರಿಯಾ ಕೊಲೊನ್ನಾ ಈ ಹೆಸರಿನವರಲ್ಲಿ ದೊಡ್ಡವಳು.

ಇಂಗ್ಲೆಂಡಿನಲ್ಲಿ ಮಾತ್ರ ಈ ಹೆಸರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು ನನಗೆ ಮೊದಲ ಆಶ್ಚರ್ಯ. ಯಾಕಂದರೆ ನಮಗೆ ವಿಕ್ಟೋರಿಯಾ ಅಂದರೆ ಅಪ್ಪಟ ಇಂಗ್ಲಿಷ್ ಹೆಸರು. ಅವರಿಗೆ ಅದು ಪರದೇಶಿ.

ಈಗ ರಾಣಿಯ ನಾಮಕರಣಕ್ಕೆ ಬರೋಣ. 1819ರ ಮೇ 24, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಮಗು ಹುಟ್ಟಿತು. ಅಪ್ಪ ರಾಜನ ನಾಲ್ಕನೇ ಮಗ. ಅಮ್ಮ ಜರ್ಮನಿಯವಳು, ಅವಳ ಹೆಸರು ವಿಕ್ತ್ವಾರ್. ಒಂದು ತಿಂಗಳಿಗೆ ನಾಮಕರಣ. ಅಪ್ಪ ಅಮ್ಮ ಜಾರ್ಜಿಯಾನಾ, ಷಾರ್ಲೆಟ್, ಅಗಸ್ಟಾ ಅಂತ ರಾಜಮನೆತನಕ್ಕೆ ಒಪ್ಪುವ ಹೆಸರುಗಳನ್ನು ಪಟ್ಟಿ ಮಾಡಿಟ್ಟಿದ್ದರು. ಆದರೆ ಆಗ ಅಧಿಕಾರ ನಡೆಸ್ತಿದ್ದ ಯುವರಾಜ, ಮಗುವಿನ ದೊಡ್ಡಪ್ಪ, ಅವನಿಗೂ ಈ ತಮ್ಮನಿಗೂ ಆಗ್ತಿರಲಿಲ್ಲ. ‘ಜಾರ್ಜಿಯಾನಾ ಬೇಡ, ಷಾರ್ಲೆಟ್ ಬೇಡ, ಅಗಸ್ಟಾ ಕೂಡ ಬೇಡ.’ ಆರ್ಚ್‌ಬಿಷಪ್ ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ, ಹೆಸರು ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ! ಕೊನೆಗೆ ದೊಡ್ಡಪ್ಪ ಹೇಳಿದ್ದು ಅಲೆಕ್ಸಾಂಡ್ರಿನಾ. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಈ ಮಗುವಿಗೆ ಜ್ಞಾನಪಿತ, ಅವನ ಹೆಸರು. ಇನ್ನೊಂದು ಹೆಸರು? ‘ಅವರಮ್ಮನದೇ ಇಡಿ, ಆದರೆ ಚಕ್ರವರ್ತಿಯ ಹೆಸರಿಗಿಂತ ಮುಂದೆ ಬರಬಾರದು.’ ಹೀಗೆ ಅಲೆಕ್ಸಾಂಡ್ರಿನಾ ವಿಕ್ಟೋರಿಯಾ. ಅಮ್ಮ ಆ ಸಮಾರಂಭದಲ್ಲಿ ಅತ್ತಳು ಅಂತ ಹೇಳ್ತಾರೆ.

ಮನೆಯಲ್ಲಿ ಎಲ್ಲರೂ ಮಗುವನ್ನು ಡ್ರಿನಾ ಅಂತ ಕರೀತಿದ್ದರು. ಈಕೆಯೇ ಮುಂದೆ ಸಿಂಹಾಸನ ಏರುತ್ತಾಳೆ ಅಂತ ಖಚಿತವಾಗುತ್ತಿದ್ದಂತೆ, 1831ರಲ್ಲಿ, ಇದು ನಮ್ಮ ದೇಶದ ಹೆಸರಲ್ಲ, ಎಲಿಜಬೆತ್ ಅಂತಲೋ ಷಾರ್ಲೆಟ್ ಅಂತಲೋ ಬದಲಾಯಿಸಿ ಅನ್ನುವ ಪ್ರಸ್ತಾಪ ಬಂತು. ನಡೆಯಲಿಲ್ಲ. 1837ರ ಜೂನ್ 20, ಹದಿನೆಂಟರ ಹುಡುಗಿ ರಾಣಿಯಾದಳು. ಮೊದಲ ದಿನದ ಸರ್ಕಾರಿ ಕಾಗದಗಳಲ್ಲಿ ಅಲೆಕ್ಸಾಂಡ್ರಿನಾ ವಿಕ್ಟೋರಿಯಾ ಅಂತಲೇ ಇತ್ತು. ಆಕೆ ಸಹಿ ಮಾಡಿದ್ದು ಒಂದೇ ಹೆಸರು, ವಿಕ್ಟೋರಿಯಾ. ಮುಂದಿನದನ್ನು ತೆಗೆಸಿಬಿಟ್ಟಳು. ದೊಡ್ಡಪ್ಪ ಕೊಟ್ಟ ಹೆಸರು ಹೋಯಿತು, ಅಮ್ಮನ ಹೆಸರು ಉಳಿಯಿತು.

ಇದನ್ನು ಓದುವಾಗ ನನಗೆ ನಮ್ಮಜ್ಜಿ ನೆನಪಾದರು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಅದರಲ್ಲಿ ಹುಡುಗಿಗೆ ಹೊಸ ಹೆಸರು ಬರೆಸ್ತಿದ್ದರು. ಅಜ್ಜಿಗೆ ತವರಿನಲ್ಲಿ ಒಂದು ಹೆಸರು, ಅತ್ತೆಮನೆಯಲ್ಲಿ ಇನ್ನೊಂದು. ರೇಷನ್ ಕಾರ್ಡಿನಲ್ಲಿ ಎರಡನೆಯದು. ಅವರ ಅಣ್ಣ ಬಂದಾಗ ಮಾತ್ರ ಮೊದಲನೆಯದು ಕಿವಿಗೆ ಬೀಳ್ತಿತ್ತು. ‘ನಿನಗೆ ಯಾವುದು ಇಷ್ಟ ಅಜ್ಜಿ?’ ಅಂತ ಒಮ್ಮೆ ಕೇಳಿದ್ದೆ. ‘ಹಂಗೆಲ್ಲಾ ಯಾರು ಕೇಳ್ತಿದ್ರು’ ಅಂದರು.

ಇರಲಿ. ರಾಣಿ ಅರವತ್ತಮೂರು ವರ್ಷಕ್ಕೂ ಮಿಕ್ಕಿ ಆಳಿದಳು, ಈ ಹೆಸರು ಭೂಪಟದ ತುಂಬ ಹಬ್ಬಿತು. ಆಸ್ಟ್ರೇಲಿಯಾದಲ್ಲಿ ಒಂದು ಪ್ರಾಂತ್ಯ. ಆಫ್ರಿಕಾದ ಅತಿ ದೊಡ್ಡ ಸರೋವರ. ಅಲ್ಲಿನ ಗಾಂಡಾ ಜನ ಅದನ್ನು ನಾಲುಬಾಲೆ ಅಂತಿದ್ದರು. 1855ರಲ್ಲಿ ಲಿವಿಂಗ್‌ಸ್ಟನ್ ಕಂಡ ಜಲಪಾತಕ್ಕೂ ಇದೇ ಹೆಸರು. ಅದಕ್ಕೆ ಮೊದಲೇ ಮೋಸಿ ಓವಾ ತುನ್ಯಾ ಅಂತ, ಗುಡುಗುವ ಹೊಗೆ ಅಂತ, ಎಷ್ಟು ಚಂದದ ಹೆಸರಿತ್ತು! ಮುಂಬೈಯಲ್ಲಿ ರೈಲು ನಿಲ್ದಾಣ, ಅಲ್ಲಿನ ಬೀದಿಗಳಲ್ಲಿ ಓಡಾಡಿದ ಕುದುರೆಗಾಡಿ, ಕೋಲ್ಕತ್ತದಲ್ಲಿ ಅಮೃತಶಿಲೆಯ ಸ್ಮಾರಕ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಮೂಲೆಯ ಪ್ರತಿಮೆ, 1906ರದ್ದು. ಮತ್ತೆ ನಮ್ಮ ಆಸ್ಪತ್ರೆ. ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ನೆನಪಿಗೆ 1897ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ಮೈಸೂರಿನ ಆಡಳಿತ ನೋಡಿಕೊಳ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟನೆ ಮಾಡಿದ. ಕಾಂಪೌಂಡಿನ ಪಕ್ಕದಲ್ಲೇ ಇರುವ ಹೆರಿಗೆ ಆಸ್ಪತ್ರೆಗೆ ಆ ಮಹಾರಾಣಿಯದ್ದೇ ಹೆಸರು, ವಾಣಿವಿಲಾಸ. ಅಕ್ಕಪಕ್ಕ ಇಬ್ಬರು ಹೆಂಗಸರು. ನಾವು ಸ್ಕ್ರಾಲ್‌ನಲ್ಲಿ ಇಬ್ಬರನ್ನೂ ಓಡಿಸ್ತೀವಿ.

ಎರಡನೇ ಆಶ್ಚರ್ಯ ಈಗ ಕೇಳಿ. ಕೆರೆಗೆ, ಜಲಪಾತಕ್ಕೆ, ಆಸ್ಪತ್ರೆಗೆ, ಗಾಡಿಗೆ ಎಲ್ಲದಕ್ಕೂ ಇಟ್ಟ ಈ ಹೆಸರನ್ನು ಇಂಗ್ಲೆಂಡಿನ ಜನ ತಮ್ಮ ಮಕ್ಕಳಿಗೆ ಅಷ್ಟಾಗಿ ಇಡಲಿಲ್ಲ. ಅವರ ತೊಟ್ಟಿಲುಗಳಲ್ಲಿ ಮೇರಿ, ಎಲಿಜಬೆತ್, ಸಾರಾ, ಆನ್ ಇವರದ್ದೇ ಕಾರುಬಾರು. ರಾಣಿ ಸ್ವಂತ ಮಗಳಿಗೆ ಇಟ್ಟಳು, ಮೊಮ್ಮಕ್ಕಳ ಹೆಸರಿನ ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ ವಿಕ್ಟೋರಿಯಾ ಬರಲೇಬೇಕು ಅಂತ ಹಟ ಹಿಡಿದಳು. ಊರಿನವರು ಹಾಗೆ ಮಾಡಲಿಲ್ಲ. ಅಲ್ಲಿ ಸಾಮಾನ್ಯರ ಮನೆಯಲ್ಲಿ ಈ ಹೆಸರು ಜನಪ್ರಿಯವಾಗಿದ್ದು 20ನೇ ಶತಮಾನದ ನಡುವಿನ ನಂತರ. ಅಷ್ಟು ಹೊತ್ತಿಗೆ ಸಾಮ್ರಾಜ್ಯದ ಅಂಗಡಿ ಮುಚ್ಚುತ್ತಾ ಬಂದಿತ್ತು. ದೊಡ್ಡವರ ಹೆಸರು ವೃತ್ತಕ್ಕೆ ಇಡೋದು ಸುಲಭ, ದಿನಾ ‘ಬಾರೇ, ಊಟ ಮಾಡೇ’ ಅಂತ ಕೂಗೋ ಮಗುವಿಗೆ ಇಡೋದು ಬೇರೆ ವಿಷಯ ಅಂತ ನನಗನ್ನಿಸುತ್ತೆ. ಸ್ವೀಡನ್‌ನ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅಲ್ಲಿ 1977ರಲ್ಲಿ ಹುಟ್ಟಿದ ರಾಜಕುಮಾರಿ ವಿಕ್ಟೋರಿಯಾಗೆ ಪಟ್ಟದ ಹಕ್ಕು ಇರಲಿಲ್ಲ. 1979ರಲ್ಲಿ ಹುಟ್ಟಿದ ತಮ್ಮ ಯುವರಾಜನಾದ. 1980ರ ಜನವರಿಯಲ್ಲಿ ಕಾನೂನು ಬದಲಾಗಿ, ಗಂಡಾಗಲಿ ಹೆಣ್ಣಾಗಲಿ ಹಿರಿಯ ಮಗುವಿಗೇ ಪಟ್ಟ ಅಂತಾಯಿತು. ತಮ್ಮನಿಂದ ಅಕ್ಕನಿಗೆ ಬಂತು. ಹೆಸರಿಗೆ ತಕ್ಕ ಹುಡುಗಿ.

ಈಗ ಮಡಿಕೇರಿ.

ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ನಿಮ್ಮಲ್ಲಿ ತುಂಬ ಜನ ಓದಿದ್ದೀರಿ. ಕೊಡಗಿನ ಕೊನೆಯ ಅರಸ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಂತು, ರಾಜ ಶರಣಾದ, ಕೊಡಗು ಕಂಪನಿಯ ಪಾಲಾಯಿತು. ರಾಜನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಕಾಶಿಯಲ್ಲಿ 1841ರಲ್ಲಿ ಅವನಿಗೊಬ್ಬ ಮಗಳು ಹುಟ್ಟಿದಳು. ಹೆಸರು ಗೌರಮ್ಮ. ಕಥೆ ಬರೆದ ಕೊಡಗಿನ ಗೌರಮ್ಮ ಅಲ್ಲ ಇವಳು, ಅವರು ನಂತರದ ಶತಮಾನದವರು. ಇವಳು ರಾಜ್ಯವೇ ಇಲ್ಲದ ರಾಜನ ಮಗಳು. ಕೊಡಗಿನ ಗುಡ್ಡ ನೋಡದೆ ಹುಟ್ಟಿದವಳು.

1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಕಂಪನಿಯಲ್ಲಿ ತನ್ನ ಮನೆತನ ತೊಡಗಿಸಿದ್ದ ಹಣ ವಾಪಸ್ ಬೇಕು, ಅದಕ್ಕೆ ಅಲ್ಲಿನ ಕೋರ್ಟಿನ ಮೆಟ್ಟಿಲು ಹತ್ತಬೇಕು, ಅದು ಒಂದು. ಮಗಳನ್ನು ರಾಣಿಯ ಕೈಗೆ ಒಪ್ಪಿಸಬೇಕು, ಅದು ಇನ್ನೊಂದು. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನ ಆಯಿತು. ನೀರು ಹಾಕಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಜ್ಞಾನಮಾತೆಯಾಗಿ ನಿಂತವಳು ಸ್ವತಃ ರಾಣಿ. ತನ್ನ ಹೆಸರನ್ನೇ ಹುಡುಗಿಗೆ ಕೊಟ್ಟಳು. ಆ ಹೊತ್ತಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ.

ಹೆಸರಿನ ಅರ್ಥ ಈಗ ಮತ್ತೊಮ್ಮೆ ನೆನಪಿಸಿಕೊಳ್ಳಿ ವೀಕ್ಷಕರೇ. ವಿಕ್ಟೋರಿಯಾ ಅಂದರೆ ಗೆಲುವು. ಕೊಟ್ಟವರು ಗೆದ್ದವರು. ಪಡೆದವಳು ಸೋತವನ ಮಗಳು, ಹನ್ನೊಂದು ವರ್ಷದ ಹುಡುಗಿ. ರಾಣಿಗೆ ಅದರಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳೋದಿಲ್ಲ. ಹುಡುಗಿಯನ್ನು ಕಂಡರೆ ಆಕೆಗೆ ನಿಜಕ್ಕೂ ಇಷ್ಟ ಇತ್ತು. ತನ್ನ ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಕೈಯಲ್ಲಿ ಅವಳ ಚಿತ್ರ ಬರೆಸಿದಳು, ಶಿಲ್ಪ ಮಾಡಿಸಿದಳು. ಪ್ರೀತಿ ಇತ್ತು. ಆದರೆ ಹನ್ನೊಂದರ ಹುಡುಗಿಯನ್ನು ಯಾರೂ ಕೇಳಿರಲಾರರು. ರಾಣಿಯ ನಾಮಕರಣದ ದಿನ ದೊಡ್ಡಪ್ಪ ಮಾಡಿದ್ದನ್ನೇ, ಇನ್ನೂ ನಯವಾಗಿ, ರಾಣಿ ಮಾಡಿದಳು. ಆಕೆಗೆ ಒಂದು ದಿನ ಸಿಂಹಾಸನ ಸಿಕ್ಕಿತು, ಬೇಡದ ಹೆಸರನ್ನು ಪೆನ್ನಿನಿಂದ ಹೊಡೆದುಹಾಕುವ ಅಧಿಕಾರ ಸಿಕ್ಕಿತು. ಗೌರಮ್ಮನಿಗೆ ಸಿಂಹಾಸನ ಎಲ್ಲಿತ್ತು?

ಮಗಳನ್ನು ಇಂಗ್ಲಿಷ್ ಕುಟುಂಬವೊಂದರಲ್ಲಿ ಬೆಳೆಸಲು ಬಿಟ್ಟರು. ಅಪ್ಪ ಮಗಳು ಬೇಕಾದಾಗ ಸಿಗುವ ಹಾಗಿರಲಿಲ್ಲ, ಅವರ ಭೇಟಿಗೂ ಕಟ್ಟುನಿಟ್ಟು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ಗೆ ಅವಳನ್ನು ಮದುವೆ ಮಾಡಿಸಬೇಕು ಅಂತ ರಾಣಿಗೆ ಆಸೆ ಇತ್ತು, ಅವನು ಒಪ್ಪಲಿಲ್ಲ. ರಾಜನ ಹಣದ ಮೊಕದ್ದಮೆ ಎಳೆದಾಡಿತು. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಗೌರಮ್ಮನ ಮದುವೆ ಆಯಿತು, ತನಗಿಂತ ತುಂಬ ದೊಡ್ಡ ವಯಸ್ಸಿನ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ. 1864ರಲ್ಲಿ ಕ್ಷಯ ಅವಳನ್ನು ತೆಗೆದುಕೊಂಡು ಹೋಯಿತು. 23 ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಕೋಡ್ ಬರೆಯೋದನ್ನು ಕಲಿಯುವಾಗ ಮೊದಲು ಹೇಳಿಕೊಡೋದು ಏನಂದರೆ, ಒಂದು ಜಾಗದಲ್ಲಿ ಹೊಸದನ್ನು ಬರೆದರೆ ಅಲ್ಲಿದ್ದ ಹಳೆಯದು ಅಳಿಸಿಹೋಗುತ್ತೆ. ಮೋಸಿ ಓವಾ ತುನ್ಯಾಕ್ಕೂ ನಾಲುಬಾಲೆಗೂ ಭೂಪಟದ ಮೇಲೆ ಆಗಿದ್ದು ಅದು. ಗೌರಮ್ಮನ ವಿಷಯದಲ್ಲಿ ಯಾಕೋ ಹಾಗಾಗಲಿಲ್ಲ. ಮುಂದೆ ವಿಕ್ಟೋರಿಯಾ ಬಂತು, ಹಿಂದಿನ ಗೌರಮ್ಮ ಅಲ್ಲೇ ಉಳಿಯಿತು. ಇಂಗ್ಲಿಷರ ಪತ್ರಿಕೆಗಳಲ್ಲಿ, ರಾಜಮನೆತನದ ಕಾಗದಪತ್ರಗಳಲ್ಲಿ, ಅವಳ ಚಿತ್ರದ ಕೆಳಗೆ, ಎಲ್ಲೆಲ್ಲೂ ಗೌರಮ್ಮ. ‘ಅಮ್ಮ’ ಅನ್ನೋದು ಸೇರಿಯೇ. ಸ್ವರ್ಣಗೌರಿ ವ್ರತದ ದಿನ ನಮ್ಮ ಮನೆಗಳಲ್ಲಿ ಬಾಗಿನ ಕೊಡುವಾಗ ನೆನೆಯುವ ಅದೇ ಗೌರಮ್ಮ, ವಿಂಟರ್‌ಹಾಲ್ಟರ್‌ನ ಕ್ಯಾನ್‌ವಾಸಿನ ಹೆಸರಾಗಿ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದ್ದಾಳೆ.

ಸಂಜೆ ಬುಲೆಟಿನ್ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅವಳಿಗೆ ಮಕ್ಕಳಿರಲಿಲ್ವಾ ಸರ್?’ ಅಂದಳು. ಇದ್ದಳು. ಒಬ್ಬಳೇ ಮಗಳು, 1861ರಲ್ಲಿ ಹುಟ್ಟಿದವಳು. ಅಪ್ಪ ಸ್ಕಾಟ್ ಮನೆತನದ ಸೈನ್ಯಾಧಿಕಾರಿ, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಆ ಮಗುವಿಗೆ ಏನು ಹೆಸರಿಟ್ಟರು ಗೊತ್ತಾ? ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್.